ಎದುರುಮನೆಯ ನೀರು

ಆಷಾಢದ ಗಾಳಿ ಹಿಡಿದಿತ್ತು. ನಮ್ಮ ಊರಿನ ಮೇಲೆ ಆ ತಿಂಗಳು ಮೋಡ ಹಾದು ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಮಳೆ ಆಚೆ ಊರಿನವರಿಗೆ, ಮಳೆಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗುವ ಗಾಳಿ ನಮಗೆ. ಬೆಳಗಿನ ಕಸ ಮುಸುರೆ ಮುಗಿಸಿ, ಬಾಣಂತಿಗೆ ಎರೆಯುವ ನೀರಿಗೆ ಒಲೆ ಹೊತ್ತಿಸಿ, ಒಂದು ಮೊರದಲ್ಲಿ ಜೋಳ, ಒಂದು ಕೊಡದಲ್ಲಿ ನೀರು, ಕೈಯಲ್ಲೊಂದು ತಂಬಿಗೆ ಹಿಡಿದುಕೊಂಡು ನಾನು ಓಣಿ ದಾಟಿದೆ. ಎದುರುಮನೆಯ ಹೊಸ್ತಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಭಂಗಿ ಗಿಡ ನೆಟ್ಟ ಕಂಬಳಿ ಚೀಲದ ಅಂಚು ಹಿಡಿದು ಸ್ವಲ್ಪ ಎತ್ತಿ ನೋಡಿದೆ. ಹಗುರಾಗಿತ್ತು. ಕಂಬಳಿ ಚೀಲಕ್ಕೆ ಮೈಯೆಲ್ಲ ಮೂಗು. ಮಣ್ಣಿನ ಕುಂಡದ ಹಾಗೆ ಬಾಯಿಯೊಂದರಿಂದ ಒಣಗುವುದಲ್ಲ ಅದು. ಪಕ್ಕೆಯಿಂದ, ತಳದಿಂದ, ಎಲ್ಲ ಕಡೆಯಿಂದಲೂ ಒಣಗುತ್ತದೆ. ಆಷಾಢದಲ್ಲಂತೂ ನಿನ್ನೆ ಹಾಕಿದ ನೀರು ಇವತ್ತು ಬಿಸಿಲೇರುವುದರೊಳಗೆ ಗಾಳಿಯ ಪಾಲು.

ಅದಕ್ಕೇ ಇದರ ಮೇಲೆ ಒಮ್ಮೆಲೇ ಸುರಿಯುವಂತಿಲ್ಲ. ಒಂದು ತಂಬಿಗೆಯನ್ನು ಸಣ್ಣ ಧಾರೆ ಮಾಡಿ ಅಂಚಿನ ಸುತ್ತ ಬಿಡಬೇಕು, ಆಮೇಲೆ ನಡುವಿಗೆ ಸರಿಯಬೇಕು, ಆಮೇಲೆ ಸುಮ್ಮನೆ ಕೂರಬೇಕು. ಮಣ್ಣು ಮೊದಲ ನೀರನ್ನು ಒಳಗೆ ಕರೆದುಕೊಳ್ಳುವ ತನಕ ನಾನು ಜೋಳದ ಹರಳು ಆರಿಸಿದೆ. ಮತ್ತೊಂದು ತಂಬಿಗೆ. ಮತ್ತೆ ಜೋಳ. ಚೀಲದ ಪಕ್ಕೆಗಳು ಕಪ್ಪಾಗುತ್ತ ಬಂದು, ಅಡಿಗಿಟ್ಟ ಕಲ್ಲುಗಳ ನಡುವೆ ಹನಿ ಬೆವತರೆ ಸಾಕು ಎಂದು ಅರ್ಥ. ಆಗ ಎತ್ತಲು ಹೋದರೆ ಕೈ ಸೋಲಬೇಕು. ಇದರಲ್ಲಿ ವಿದ್ಯೆ ಏನೂ ಇಲ್ಲ. ನಮ್ಮೂರಲ್ಲಿ ಮೂಗು ಒರೆಸಿಕೊಳ್ಳಲು ಕಲಿತ ಮಕ್ಕಳಿಗೂ ಇದು ಗೊತ್ತು. ಗೊತ್ತಿದ್ದೂ ಮಾಡದವರನ್ನು ನಾವು ದೊಡ್ಡವರು ಎನ್ನುತ್ತೇವೆ.

ನಮ್ಮ ಊರು ನಿಂತಿರುವುದು ಹಾಸುಬಂಡೆಯ ಮೇಲೆ. ಹಾರೆ ಹಾಕಿದರೆ ಕಿಡಿ ಬರುತ್ತದೆ, ಮಣ್ಣು ಬರುವುದಿಲ್ಲ. ಆದ್ದರಿಂದ ಗಿಡಗಳೆಲ್ಲ ಚೀಲದಲ್ಲಿ, ಮನೆಗೊಂದು. ಗಿಡ ತಲೆ ಎತ್ತಿ ನಿಂತಿದ್ದರೆ ಆ ಮನೆಯ ಬಾಗಿಲು ಮುಚ್ಚುತ್ತದೆ. ಗಿಡ ಸೊರಗಿ ಎಲೆ ಜೋತು ಬಿದ್ದರೆ ಮುಚ್ಚುವುದಿಲ್ಲ. ಅಗಳಿ ಹಾಕು, ಗುಂಡುಕಲ್ಲು ಒರಗಿಸು, ಇಬ್ಬರು ಗಂಡಸರನ್ನು ಬೆನ್ನು ಕೊಟ್ಟು ಕೂರಿಸು, ಅದು ತನ್ನಷ್ಟಕ್ಕೆ ತಾನು ತೆರೆದುಕೊಳ್ಳುತ್ತದೆ. ಇನ್ನು ಗಿಡ ಕುಡಿಯುವುದು ಎದುರುಮನೆಯವರ ಕೈಯ ನೀರನ್ನಷ್ಟೇ. ಸ್ವಂತ ಮನೆಯವರು ಹಾಕಿದ್ದನ್ನು ಮೂಸಿಯೂ ನೋಡುವುದಿಲ್ಲ. ಆಕಾಶದಿಂದ ಬಿದ್ದ ನೀರಿಗೆ ಮಾತ್ರ ಎದುರು ಪಕ್ಕ ಎಂಬುದಿಲ್ಲ. ಹಾಗಾಗಿ ನಮ್ಮಲ್ಲಿ ಮನೆಗಳನ್ನು ಜೋಡಿಜೋಡಿಯಾಗಿ ಕಟ್ಟುತ್ತಾರೆ. ಗಂಡು ನೋಡಲು ಹೋದವರು ಗಂಡಿನ ಮನೆಗಿಂತ ಮೊದಲು ಅದರ ಎದುರುಮನೆ ನೋಡಿಕೊಂಡು ಬರುತ್ತಾರೆ. ಎದುರಿನವರ ಜೊತೆ ಜಗಳ ಆಡುವ ಧೈರ್ಯ ಯಾರಿಗೂ ಇಲ್ಲ, ಅದಕ್ಕೇ ಪಕ್ಕದವರ ಜೊತೆ ಎರಡು ಪಟ್ಟು ಆಡುತ್ತಾರೆ. ಒಬ್ಬ ಜಿಪುಣ, ಜಾಗ ಸಸ್ತಾ ಸಿಕ್ಕಿತು ಎಂದು ಬರೀ ಬಂಡೆಗೆ ಎದುರಾಗಿ ಮನೆ ಕಟ್ಟಿದ. ಕೆಲವು ವರ್ಷ ನಾಯಿ ಬೆಕ್ಕುಗಳ ಜೊತೆ ಉಂಡು ಮಲಗಿ, ಕೊನೆಗೆ ತನ್ನ ಹೆಂಡತಿಯ ತಮ್ಮನಿಗೆ ಎದುರಲ್ಲಿ ತಾನೇ ಮನೆ ಕಟ್ಟಿಸಿಕೊಟ್ಟ. ಹೂವು ಕೊಯ್ದ ಮೇಲೆ ದನದ ಹೊಟ್ಟೆನೋವಿಗೆ ಒಂದು ಹಿಡಿ ತೆಗೆದಿಡುತ್ತೇವೆ, ಮುದುಕರ ಚಿಲುಮೆಗೆ ಒಂದು ಹಿಡಿ. ಆದರೆ ಗಿಡ ಬೆಳೆಸುವುದು ಹೂವಿಗಲ್ಲ, ಬಾಗಿಲಿಗೆ.

ನಾನು ಕಂಬಳಿ ನೇಯುವ ಯಮನೂರಪ್ಪನ ಹೆಂಡತಿ ಸಂಕವ್ವ. ನಮ್ಮ ಎದುರುಮನೆ ಅಂದಾನೆಪ್ಪನವರದು. ಊರಿನ ಹಿರಿಯರು ಅವರು, ನ್ಯಾಯ ಹೇಳುವವರು. ಬದುವಿನ ಜಗಳ, ಪಾಲಿನ ಜಗಳ, ಗಂಡ ಹೆಂಡಿರ ಜಗಳ ಎಲ್ಲ ಅವರ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುತ್ತವೆ. ತಲೆಗೆ ಬಿಳಿ ರುಮಾಲು, ಹೆಗಲಿಗೆ ಅಂಚಿನ ಶಲ್ಯ, ಮಾತಿಗೆ ಮೊದಲು ಒಂದು ಕೆಮ್ಮು. ಆ ಕೆಮ್ಮು ಕೇಳಿದರೆ ಸಾಕು, ಜನ ತಾವು ಹೇಳಬೇಕೆಂದು ಬಂದದ್ದನ್ನು ಮರೆತು ಹೌದು ಎನ್ನಲು ಅಣಿಯಾಗುತ್ತಾರೆ. ನನ್ನ ಗಂಡನಂತೂ ಕೆಮ್ಮಿಗೂ ಮೊದಲೇ ಹೌದು ಎನ್ನುತ್ತಾನೆ.

ಮೊದಲೆಲ್ಲ ನೀರು ಹಾಕುವುದು ಹೆಂಗಸರ ಕೆಲಸವಾಗಿತ್ತು. ಅಂದಾನೆಪ್ಪನವರ ಹೆಂಡತಿ ಕಾಶವ್ವ ನಮ್ಮ ಗಿಡಕ್ಕೆ ಹಾಕುತ್ತಿದ್ದಳು, ನಾನು ಅವರದಕ್ಕೆ. ಅವಳು ಇಲ್ಲಿ ಕೂತು ಸೊಪ್ಪು ಸೋಸುವಳು, ನಾನು ಅಲ್ಲಿ ಕೂತು ಕಾಳು ಹಸನು ಮಾಡುವೆ, ಓಣಿಯ ಅಡ್ಡ ಮಾತು ಓಡಾಡುವುದು. ಯಾರೂ ನಮ್ಮನ್ನು ಹೊಗಳಲಿಲ್ಲ, ಬಾಗಿಲುಗಳು ಮುಚ್ಚುತ್ತಿದ್ದವು. ಎರಡು ವರ್ಷದ ಹಿಂದೆ ಕೆರೆ ಕೋಡಿ ಬಿದ್ದಾಗ ಅಂದಾನೆಪ್ಪನವರು ಕಟ್ಟೆಯ ಮೇಲೆ ಕೂತು ಹೊಸದೊಂದು ಮಾತು ತೆಗೆದರು. ಎದುರುಮನೆಗೆ ತಂಬಿಗೆಯಲ್ಲಿ ಅಳೆದು ಅಳೆದು ನೀರು ಕೊಡುವುದು ಮರ್ಯಾದೆಗೆ ಕಡಿಮೆ, ಕೊಟ್ಟ ನೀರು ಚೀಲ ತುಂಬಿ ಓಣಿಗೆ ಹರಿದರೆ ಮಾತ್ರ ಅದನ್ನು ಕೊಡುಗೆ ಎನ್ನಬೇಕು ಎಂದರು. ಮಾತು ಕೇಳಲು ಚೆನ್ನಾಗಿತ್ತು. ಮುದುಕರು ತಲೆದೂಗಿದರು. ಅವತ್ತಿನಿಂದ ಯಾರು ಹಾಕಿದ ನೀರು ಎಲ್ಲಿಯ ತನಕ ಹರಿಯಿತು ಎಂದು ನೋಡುವ ಪದ್ಧತಿ ಬಿತ್ತು. ಹೊಗಳಿಕೆ ಬಂತು ನೋಡಿ, ಹೆಂಗಸರ ಕೈಯ ತಂಬಿಗೆ ಹೋಗಿ ಗಂಡಸರ ಕೈಗೆ ಹಿತ್ತಾಳೆ ಕೊಡ ಬಂತು. ನನ್ನ ಗಂಡ ಕಟ್ಟೆಯಲ್ಲಿ ಹೌದು ಎನ್ನುವುದರಲ್ಲೇ ಇದ್ದ, ಹಾಗಾಗಿ ನಮ್ಮ ಮನೆಯ ತಂಬಿಗೆ ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಬೆಳಿಗ್ಗೆ ನಮ್ಮ ಓಣಿಗೆ ಬಂದು ನೋಡಬೇಕು. ಮೀಸೆ ತಿದ್ದಿಕೊಂಡ ಗಂಡಸರು ಎದುರುಮನೆಗೆ ಹೋಗಿ, ಸೊಂಟ ಬಗ್ಗಿಸದೆ, ನಿಂತ ನಿಲುವಿನಲ್ಲೇ ಒಂದೊಂದು ಕೊಡ ಗಬಗಬನೆ ಸುರಿಯುತ್ತಾರೆ. ಒಣಗಿದ ಮಣ್ಣು ಚೀಲದ ಪಕ್ಕೆ ಬಿಟ್ಟು ಒಳಗೆ ಮುದುರಿಕೊಂಡಿರುತ್ತದೆ. ನೀರು ಆ ಸಂದಿಯಲ್ಲಿ ಇಳಿದು, ತಳದಿಂದ ಹೊರಗೆ ಬಂದು, ಓಣಿ ಹಿಡಿಯುತ್ತದೆ. ಬೇರಿಗೆ ನಾಲಗೆ ತೋಯುವಷ್ಟೂ ಸಿಗುವುದಿಲ್ಲ. ಚೀಲ ಒಣಗಿದಷ್ಟೂ ಹೊರಗೆ ಹರಿಯುವುದು ಹೆಚ್ಚು, ಹರಿದಷ್ಟೂ ಹೊಗಳಿಕೆ ಹೆಚ್ಚು. ಇಂಥ ಲೆಕ್ಕ ಹಾಕಲು ನಮ್ಮೂರಿನ ಗಂಡಸರೇ ಬೇಕು. ಆದರೂ ಊರಿನ ಬಾಗಿಲುಗಳು ಹೇಗೋ ಮುಚ್ಚುತ್ತಿದ್ದವು. ಹೇಗೆಂದರೆ, ಗಂಡಸರು ಹೊಲಕ್ಕೆ ಹೋದ ಮೇಲೆ ಅವರವರ ಹೆಂಡಿರು ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ದಾಟಿ, ಹಿಂದಿನ ಹಾಗೆ ಕೂತು ಹಾಕಿ ಬರುತ್ತಿದ್ದರು. ಸಂಜೆ ಗಂಡಸರು ಬಂದು ಎದುರುಮನೆಯ ಬಾಗಿಲು ಮುಚ್ಚಿದ್ದನ್ನು ನೋಡಿ ಇನ್ನೊಮ್ಮೆ ಮೀಸೆ ತಿರುವುತ್ತಿದ್ದರು.

ಕಾಶವ್ವನಿಗೆ ಮಾತ್ರ ಹಾಗೆ ಬರಲು ಸಾಧ್ಯವಿರಲಿಲ್ಲ. ಅವಳ ಗಂಡ ಹೊಲಕ್ಕೆ ಹೋಗುವವರಲ್ಲ. ಬೆಳಗಿನಿಂದ ಬೈಗಿನ ತನಕ ಕಟ್ಟೆಯ ಮೇಲೇ, ನಮ್ಮ ಬಾಗಿಲಿಗೆ ನೆಟ್ಟಗೆ ಮುಖ ಮಾಡಿ. ಹೋದ ವರ್ಷ ಅವಳು ಒಮ್ಮೆ ತಂಬಿಗೆ ಹಿಡಿದು ಹೊಸ್ತಿಲು ದಾಟಿದ್ದಳಂತೆ. ನಾನು ಹಾಕಿದ ಮೇಲೆ ನೀನು ಹಾಕಿದರೆ, ನಾನು ಹಾಕಿದ್ದು ನೀರಲ್ಲ ಎಂದು ಊರಿಗೆ ಸಾರಿದ ಹಾಗಾಗುವುದಿಲ್ಲವೇ ಎಂದು ಅವರು ಮೆಲ್ಲಗೆ ಕೇಳಿದರಂತೆ. ಅವಳು ಒಳಗೆ ಹೋದಳು. ಹೋದ ವರ್ಷ ಮಳೆ ಇತ್ತು, ನಮ್ಮ ಗಿಡ ಆಕಾಶದ ನೀರು ಕುಡಿದು ಬದುಕಿತು.

ಈ ವರ್ಷ ಮಳೆ ಇಲ್ಲ. ಅದರ ಮೇಲೆ ನನ್ನ ಮಗಳು ನಿಂಬೆವ್ವ ಹೆರಿಗೆಗೆ ಬಂದಿದ್ದಳು. ಗಂಡು ಕೂಸು, ದಿನ ತುಂಬುವ ಮೊದಲೇ ಹುಟ್ಟಿದ್ದು, ಬೆಕ್ಕಿನ ಮರಿಯಷ್ಟಿತ್ತು. ಬಾಣಂತಿಯ ಮನೆ ಎಂದರೆ ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಅಜವಾನದ ಹೊಗೆ ಹಾಕಿ, ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಕಾಯುವುದು. ಕೂಸು ಹುಟ್ಟಿದ ವಾರದಲ್ಲೇ ನಮ್ಮ ಬಾಗಿಲು ಕೈಬಿಟ್ಟಿತು. ನಮ್ಮದು ಒಂದೇ ಅಂಕಣದ ಮನೆ, ಒಳಕೋಣೆ ಎಂಬುದಿಲ್ಲ. ಬೇರೆಯವರ ಮನೆಗೆ ಒಯ್ಯೋಣವೆಂದರೆ ಹಸಿ ಬಾಣಂತಿಯನ್ನು ಯಾರೂ ಹೊಸ್ತಿಲು ದಾಟಿಸಿಕೊಳ್ಳುವುದಿಲ್ಲ. ಇರುವ ಕಂಬಳಿಗಳನ್ನೆಲ್ಲ ಬಾಗಿಲಿಗೆ ಕಟ್ಟಿದೆವು. ಗಾಳಿ ಅವನ್ನು ಎತ್ತಿ ಎತ್ತಿ ಒಗೆಯಿತು. ನಿಂಬೆವ್ವ ಬಾಗಿಲ ಕಡೆಗೆ ಬೆನ್ನು ಮಾಡಿ, ತಾನೇ ಗೋಡೆಯಾಗಿ, ಕೂಸನ್ನು ಹೊಟ್ಟೆಗೆ ಅವಚಿಕೊಂಡು ಮಲಗುತ್ತಿದ್ದಳು. ಆದರೂ ಅದರ ಬೆರಳಿನ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದೆಯಲ್ಲಿ ಗೊರಗೊರ ಶುರುವಾಗಿತ್ತು.

ಗಂಡನನ್ನು ಅಂದಾನೆಪ್ಪನವರ ಹತ್ತಿರ ಕಳಿಸಿದೆ. ಹೋಗಿ ಚಹಾ ಕುಡಿದು ಬಂದ. ಅವರು ದಿನಾ ಒಂದು ಕೊಡ ಪೂರಾ ಹಾಕುತ್ತಿದ್ದಾರಂತೆ, ಸಣ್ಣ ಮನೆ ದೊಡ್ಡ ಮನೆ ಎಂದು ನೋಡುವುದಿಲ್ಲವಂತೆ, ಬಹಳ ದೊಡ್ಡ ಮನಸ್ಸು ಎಂದ. ಬಾಗಿಲಿನ ವಿಷಯ ಕೇಳಿದೆಯೋ ಇಲ್ಲವೋ ಎಂದರೆ, ಮಾತಿನ ನಡುವೆ ಸಂದು ಸಿಗಲಿಲ್ಲ ಎಂದ.

ಅದರ ಮರುದಿನದ ಬೆಳಿಗ್ಗೆಯೇ ನಾನು ಮೊದಲು ಹೇಳಿದ್ದು. ನಾನು ಅವರ ಗಿಡಕ್ಕೆ ನೀರು ಹಾಕಿ ಏಳುವ ಹೊತ್ತಿಗೆ ಅಂದಾನೆಪ್ಪನವರು ಹೊರಗೆ ಬಂದರು. ಕೊಡ ಹೊರಲು ಆಳು, ಬಗ್ಗಿಸಲು ಮಾತ್ರ ಅವರು. ಓಣಿ ದಾಟಿ, ಶಲ್ಯ ಸರಿಮಾಡಿಕೊಂಡು, ನಮ್ಮ ಚೀಲದ ಮೇಲೆ ಕೊಡವನ್ನು ಒಂದೇ ಸಲಕ್ಕೆ ಬೋರಲು ಹಾಕಿದರು. ನೀರು ಹೊಸ್ತಿಲ ಮುಂದೆ ಮಡುಗಟ್ಟಿ, ಬಂಡೆಯ ಇಳಿಜಾರು ಹಿಡಿದು, ಸೋಮನಿಂಗಜ್ಜನ ಕಾಲಿನ ತನಕ ಹರಿಯಿತು. ಸೋಮನಿಂಗಜ್ಜ ಅವರ ಕಟ್ಟೆಯ ಖಾಯಂ ಮುದುಕ, ಯಜಮಾನರ ಮಾತಿಗೆ ಮೊದಲು ನಗುವುದು ಅವನ ಉದ್ಯೋಗ. ಭಲೆ ಎಂದು ಕಾಲು ಹಿಂದಕ್ಕೆ ಎಳೆದುಕೊಂಡ.

"ಯಜಮಾನ್ರ, ಗಿಡಾ ಒಣಗೇತ್ರಿ. ಒಳಗ ಹಸಿ ಬಾಣಂತಿ ಅದಾಳ," ಎಂದೆ.

ಅವರು ಕೆಮ್ಮಿದರು. ಹರಿದ ನೀರಿನ ಕಡೆಗೆ ಕೈ ತೋರಿಸಿದರು. ಇಷ್ಟು ಕುಡಿದ ಮೇಲೂ ಒಣಗಿದೆ ಎಂದರೆ ಯಾರಾದರೂ ನಂಬುತ್ತಾರೆಯೇ ಎಂದು ಕಟ್ಟೆಯವರನ್ನು ಕೇಳಿದರು. ಕಟ್ಟೆಯವರು ನಂಬುವುದಿಲ್ಲ ಎಂದರು.

"ಎಲಿ ಜೋತು ಬಿದ್ದಾವಲ್ರಿ."

"ಉಂಡವ್ರು ತೂಕಡಸ್ತಾರ, ಸಂಕವ್ವ. ಹೊಟ್ಟಿ ತುಂಬೇತಿ ಅದಕ್ಕ."

ಹೆಚ್ಚು ಕುಡಿದ ಗಿಡವೂ ತಲೆ ಬಗ್ಗಿಸುತ್ತದೆ, ಅದು ಸುಳ್ಳಲ್ಲ. ಆದರೆ ಅದರ ಎಲೆ ಎಮ್ಮೆ ಕರುವಿನ ಕಿವಿಯ ಹಾಗೆ ದಪ್ಪಗೆ, ತಣ್ಣಗೆ ಇರುತ್ತದೆ. ನಮ್ಮ ಗಿಡದ ಎಲೆ ಮುಟ್ಟಿದರೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಮುಟ್ಟಿ ನೋಡಿದರೆ ತಿಳಿಯುವ ಮಾತಿಗೆ ಊರಿನ ಹಿರಿಯರು ಗಾದೆ ಕಟ್ಟುತ್ತ ನಿಂತಿದ್ದರು. ಒಮ್ಮೆ ಚೀಲ ಎತ್ತಿ ನೋಡಿ ಎಂದು ಬೇಡಿಕೊಂಡೆ.

"ನಾ ಎತ್ತಬೇಕಾ? ನ್ಯಾಯ ಹೇಳಾಂವ ನಾ, ಹಮಾಲ ಅಲ್ಲ," ಎಂದರು.

ನಾನೇ ಹೋಗಿ ಚೀಲದ ಅಂಚಿಗೆ ಒಂದು ಕೈ ಹಾಕಿ, ಗಿಡದ ಸಮೇತ ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದೆ. ಆಗ ತಾನೇ ಒಂದು ಕೊಡ ಕುಡಿದ ಚೀಲ ಅದು. ಹೊಟ್ಟಿನ ಬುಟ್ಟಿಯಷ್ಟು ಹಗುರ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಕಟ್ಟೆಯ ಕಡೆ ನೋಡಿದೆ. ನಾನು ಗೆದ್ದೆ ಎಂದುಕೊಂಡೆ.

"ಬಾಣಂತಿ ಅಂಟಿನುಂಡಿ ಯಾರ ಹೊಟ್ಟಿಗಿ ಹೊಂಟಾವ ಅಂತ ಈಗ ತಿಳೀತ ನೋಡ್ರಿ," ಎಂದ ಸೋಮನಿಂಗಜ್ಜ.

ಚೀಲ ಹಗುರಲ್ಲ, ಉಂಡಿ ತಿಂದ ನನ್ನ ತೋಳೇ ಗಟ್ಟಿ ಎಂದು ಕಟ್ಟೆಗೆ ಕಟ್ಟೆಯೇ ನಕ್ಕಿತು. ಅಂದಾನೆಪ್ಪನವರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡು ನಕ್ಕರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಂದು ನಗು ಉಳಿದಿತ್ತು, ಅದು ನನ್ನ ಗಂಡನದು.

ಚೀಲವನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದೆ. ನಿಂಬೆವ್ವನಿಗೆ ಎಲ್ಲ ಕೇಳಿಸಿತ್ತು, ಬಾಗಿಲು ತೆರೆದೇ ಇತ್ತಲ್ಲ. ಕೂಸಿನ ಪಾದ ತಿಕ್ಕುತ್ತ ಕೂತಳು. ಇವರಿಗೆ ಬೇಕಾದದ್ದು ಹರಿಯುವ ನೀರಲ್ಲವೇ, ಹರಿಸಿ ತೋರಿಸುತ್ತೇನೆ ಎಂದುಕೊಂಡೆ.

ಬಾಣಂತಿಯ ಕೆಲಸ ಎಂಬ ನೆಪ ಇತ್ತು. ಎರಡು ದಿನ ನಾನು ಅವರ ಗಿಡದ ಹತ್ತಿರ ಸುಳಿಯಲಿಲ್ಲ. ಆ ಗಾಳಿಗೆ ಕಂಬಳಿ ಚೀಲ ಬಿಸ್ಕೀಟಿನಂತೆ ಒಣಗಿತು. ಮಣ್ಣು ಪಕ್ಕೆ ಬಿಟ್ಟು, ಬೆರಳು ತೂರುವಷ್ಟು ಸಂದಿ ಬಿದ್ದಿತು. ಮೂರನೆಯ ಬೆಳಿಗ್ಗೆ ಕಟ್ಟೆ ತುಂಬಿದ್ದಾಗ ನೋಡಿ, ನಮ್ಮ ಮನೆಯ ದೊಡ್ಡ ಕೊಡ ಹೊತ್ತುಕೊಂಡು ಓಣಿ ದಾಟಿದೆ. ಕೂರಲಿಲ್ಲ, ಬಗ್ಗಲಿಲ್ಲ. ಗಂಡಸರ ಹಾಗೆ ನಿಂತೇ ಬೋರಲು ಹಾಕಿದೆ. ನೀರು ಒಳಗೆ ಹೋದ ಹಾಗೆಯೇ ಹೊರಗೆ ಬಂದು, ಸೋಮನಿಂಗಜ್ಜನನ್ನು ದಾಟಿ, ಬಾವಿಯ ತಿರುವಿನ ತನಕ ಹರಿಯಿತು. ಆ ವರ್ಷ ಯಾರ ನೀರೂ ಅಲ್ಲಿಗೆ ಮುಟ್ಟಿರಲಿಲ್ಲ. ಮುದುಕರು ಎದ್ದು ನಿಂತು ನೋಡಿದರು. ಅಂದಾನೆಪ್ಪನವರು ನನ್ನನ್ನು ಹತ್ತಿರ ಕರೆದು, ಹೆಣ್ಣಾದರೂ ಕೊಡುವುದನ್ನು ಕಲಿತೆ ಎಂದು ಮೆಚ್ಚಿದರು. ನಾನು ಸೆರಗು ಹೊದ್ದು ತಲೆ ತಗ್ಗಿಸಿದೆ. ಹಿಂದೆ ಒಳಬಾಗಿಲ ಹತ್ತಿರ ಕಾಶವ್ವ ನಿಂತಿದ್ದಳು. ಅವಳು ನೀರನ್ನು ನೋಡಲಿಲ್ಲ, ಚೀಲವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ದಿನಾ ಬೆಳಿಗ್ಗೆ ಒಂದು ಕೊಡ. ದಿನಾ ಹೊಗಳಿಕೆ. ಗಿಡ ಮೊದಲು ಅಡಿಯ ಎಲೆ ಹಳದಿ ಮಾಡಿತು, ಆಮೇಲೆ ಕುಡಿ ಬಗ್ಗಿಸಿತು. ಒಂದು ದಿನ ಮಧ್ಯಾಹ್ನ ಅಂದಾನೆಪ್ಪನವರು ಉಂಡು ಮಲಗಲು ಒಳಗೆ ಹೋಗಿ ಬಾಗಿಲು ದೂಡಿದರು. ಬಾಗಿಲು ತಿರುಗಿ ಬಂತು. ಇನ್ನೊಮ್ಮೆ ದೂಡಿದರು. ಮತ್ತೆ ಬಂತು. ನಾನು ನಮ್ಮ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಈಗ ಬರುತ್ತಾರೆ, ಸಂಕವ್ವ ನಿನ್ನ ನೀರು ಸರಿಯಿಲ್ಲ ಎನ್ನುತ್ತಾರೆ, ಹಾಗೆ ಎಂದ ಕೂಡಲೇ ನಿಮ್ಮದು ಹೇಗಿದೆ ಎಂದು ಕೇಳಬೇಕು ಎಂದು ಮಾತು ಜೋಡಿಸಿಟ್ಟುಕೊಂಡಿದ್ದೆ.

ದೊಡ್ಡವರ ದೊಡ್ಡತನ ನನಗೆ ಇನ್ನೂ ಪೂರಾ ತಿಳಿದಿರಲಿಲ್ಲ. ಅಂದಾನೆಪ್ಪನವರು ಹೊರಗೆ ಬಂದು, ಕಟ್ಟೆಯ ಮೇಲೆ ಕೂತು, ಕೆಮ್ಮಿ, ನ್ಯಾಯ ಹೇಳುವ ಮನೆಯ ಬಾಗಿಲು ಯಾವಾಗಲೂ ತೆರೆದೇ ಇರಬೇಕು ಎಂದರು. ತಾವೇ ತೆಗೆದಿಟ್ಟದ್ದಂತೆ. ಮುದುಕರು ತಲೆದೂಗಿದರು. ಮರುದಿನ ನೋಡಿದರೆ ಓಣಿಯ ಇನ್ನೂ ಇಬ್ಬರು ಗಂಡಸರು, ಸರಿಯಾಗಿ ಮುಚ್ಚುತ್ತಿದ್ದ ತಮ್ಮ ಬಾಗಿಲು ಮುಚ್ಚದಿರಲಿ ಎಂದು ಕಲ್ಲು ಅಡ್ಡ ಇಟ್ಟು ಕೂತಿದ್ದರು. ಅವರ ಹೆಂಡಿರು ಒಳಗೆ ಹಾರುವ ರೊಟ್ಟಿ ಹಿಡಿಯುತ್ತಿದ್ದರು. ಇಂಥವರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕು. ಗೋಡೆಗೆ ಬೈದರೆ ಗೋಡೆಗೆ ಸಿಟ್ಟು ಬರುತ್ತದೆಯೇ.

ಅದಕ್ಕಿಂತ ಹೆಚ್ಚಿನದು ಇನ್ನೊಂದಾಯಿತು. ಅವರ ಮನೆಗೆ ಹಿತ್ತಲ ಕಡೆಯೂ ಒಂದು ಬಾಗಿಲು. ಗಿಡ ಬಾಡಿದರೆ ಅದೂ ಮುಚ್ಚುವುದಿಲ್ಲ. ಇಷ್ಟು ದಿನ ಬಯಲಿನ ಗಾಳಿ ಅವರ ಹಿತ್ತಲ ಗೋಡೆಗೆ ಬಡಿದು ನಿಲ್ಲುತ್ತಿತ್ತು, ಓಣಿಗೆ ಬರುತ್ತಿದ್ದುದು ಸುತ್ತಿ ಬಂದ ಗಾಳಿ. ಈಗ ಅದು ಅವರ ಮನೆಯೊಳಗಿಂದಲೇ ದಾರಿ ಮಾಡಿಕೊಂಡಿತು. ಹಿತ್ತಲಿಂದ ಹೊಕ್ಕು, ಕಾಶವ್ವನ ಒಲೆ ಕೆದರಿ, ಓಣಿ ದಾಟಿ, ನೆಟ್ಟಗೆ ನಮ್ಮ ಬಾಗಿಲಲ್ಲಿ ನುಗ್ಗಿ, ನಿಂಬೆವ್ವನ ಹೊರಸಿಗೆ ಬಂದು ಬಡಿಯಿತು. ಬರಿಗೈಯಲ್ಲಿ ಬರಲಿಲ್ಲ, ಕಾಶವ್ವನ ಒಲೆಯ ಹೊಗೆ ಬೂದಿ ಎಲ್ಲ ತಂದಿತು. ಕೂಸು ಹೊಗೆ ನುಂಗಿ ಕೆಮ್ಮಿತು. ಅಷ್ಟು ಸಣ್ಣ ಕೂಸು ಕೆಮ್ಮುವುದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಕೆಮ್ಮಿ, ಉಸಿರು ಹಿಡಿದು, ಮುಖ ಕಪ್ಪಿಟ್ಟು, ಬಹಳ ಹೊತ್ತಿನ ಮೇಲೆ ಅತ್ತಿತು. ನಿಂಬೆವ್ವ ನನ್ನ ಕಡೆ ತಿರುಗಿ ನೋಡಿದಳು. ಎದುರಿಗೆ ಕಾಶವ್ವ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿದ್ದು ಇಲ್ಲಿಂದ ಕಾಣುತ್ತಿತ್ತು. ಊದಿದಷ್ಟೂ ಆರುತ್ತಿತ್ತು. ಅವಳ ಕಣ್ಣುಗಳು ಕೆಂಪಾಗಿ ಬಾತುಹೋಗಿದ್ದವು. ನಾನು ಹೊಡೆದದ್ದು ಯಾರಿಗೆ, ಬಿದ್ದದ್ದು ಯಾರಿಗೆ.

ಆಗ ಕೂಸು ಎರಡನೆಯ ಸಲ ಕೆಮ್ಮಿತು. ಕಾಶವ್ವ ಊದುಗೊಳವೆ ಕೆಳಗಿಟ್ಟು ತಲೆ ಎತ್ತಿ ಕೇಳಿಸಿಕೊಂಡಳು. ತನ್ನ ಒಲೆಯ ಹೊಗೆ ಎಲ್ಲಿಗೆ ಹೋಗುತ್ತಿದೆ ಎಂದು ಅದರ ಹಿಂದೆಯೇ ಕಣ್ಣು ಹಾಯಿಸಿದಳು. ನೀರು ಹಾಕಿ ಒಲೆ ಆರಿಸಿದಳು. ಎದ್ದು, ಮೂಲೆಯ ತಂಬಿಗೆ ತೆಗೆದುಕೊಂಡು, ಸೊಂಟಕ್ಕೆ ಸಣ್ಣ ಕೊಡ ಇಟ್ಟುಕೊಂಡು, ಸೆರಗಿನಲ್ಲಿ ಯಾವುದನ್ನೂ ಮುಚ್ಚದೆ ಹೊರಗೆ ಬಂದಳು. ಕಟ್ಟೆಯ ಮೇಲೆ ಯಾರದೋ ಬದುವಿನ ನ್ಯಾಯ ನಡೆದಿತ್ತು. ಎರಡು ಕಡೆಯವರೂ, ಮುದುಕರೂ, ನನ್ನ ಗಂಡನೂ ಇದ್ದರು.

"ಎಲ್ಲಿಗಿ ಹೊಂಟಿ?" ಎಂದರು ಅಂದಾನೆಪ್ಪನವರು.

"ನಿಮ್ಮ ನೀರು ಓಣಿಗಿ ಹೋಗೇತ್ರಿ," ಎಂದಳು ಕಾಶವ್ವ. "ನಾ ಗಿಡಕ್ಕ ಹಾಕಿ ಬರ್ತೇನಿ."

ಧ್ವನಿ ಏರಿಸಿರಲಿಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಸೋಮನಿಂಗಜ್ಜ ನಗಲು ಬಾಯಿ ತೆರೆದವನು ಯಾವ ಕಡೆಗೆ ನಗಬೇಕೆಂದು ತಿಳಿಯದೆ ಹಾಗೆಯೇ ಇದ್ದ. ಅಂದಾನೆಪ್ಪನವರು ಕೆಮ್ಮಿದರು. ಕೆಮ್ಮಿನ ಮುಂದೆ ಬರಬೇಕಾದ ಮಾತು ಬರಲಿಲ್ಲ. ಅವಳು ಅಷ್ಟರಲ್ಲಿ ಓಣಿ ದಾಟಿ ನಮ್ಮ ಹೊಸ್ತಿಲ ಪಕ್ಕ ಕೂತಿದ್ದಳು.

ಮೊದಲು ಚೀಲ ಎತ್ತಿ ನೋಡಿ ನಾಲಗೆ ಲೊಚಗುಟ್ಟಿದಳು. ಕಲ್ಲಿನಂತಾದ ಮಣ್ಣಿಗೆ ಒಂದು ಕಡ್ಡಿ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿ ತೂತು ಮಾಡಿದಳು. ಪಕ್ಕೆಯ ಸಂದಿಗೆ ಹುಡಿ ಮಣ್ಣು ತುಂಬಿ ಒತ್ತಿದಳು. ಆಮೇಲೆ ಕೈಯಲ್ಲಿ ನೀರು ತೆಗೆದು ಚಿಮುಕಿಸಿದಳು, ಹೂವಿಗೆ ಚಿಮುಕಿಸಿದ ಹಾಗೆ. ಕಾದಳು. ಮತ್ತೆ ಚಿಮುಕಿಸಿದಳು. ತುಂಬಾ ಹೊತ್ತಿನ ಮೇಲೆ ಮೊದಲ ತಂಬಿಗೆಯ ಧಾರೆ ಬಿಟ್ಟಳು. ಒಂದು ಹನಿಯೂ ಹೊರಗೆ ಬರಲಿಲ್ಲ. ನಾನು ಅವಳ ಹತ್ತಿರ ಹೋಗಿ ನಿಂತೆ.

"ನೀ ಏನಂತ ಕೊಡಾ ಸುರುವಿದಿ?" ಎಂದಳು, ತಲೆ ಎತ್ತದೆ. "ನನ್ನ ಒಲಿ ಏನ ಮಾಡಿತ್ತು ನಿನಗ, ಸಂಕಕ್ಕ?"

ಒಳಗೆ ಹೋಗಿ ತಂಬಿಗೆ ಮೊರ ತೆಗೆದುಕೊಂಡು ನಾನೂ ಓಣಿ ದಾಟಿದೆ. ಅವಳು ನನ್ನ ಹೊಸ್ತಿಲಲ್ಲಿ, ನಾನು ಅವಳ ಹೊಸ್ತಿಲಲ್ಲಿ. ನನ್ನ ಪಕ್ಕಕ್ಕೆ ಕಟ್ಟೆಯ ಮೇಲೆ ಊರಿನ ನ್ಯಾಯ. ಬದುವಿನ ಜಗಳದವರು ಸ್ವಲ್ಪ ಹೊತ್ತು ಮಾತು ಮುಂದುವರಿಸಿದರು, ಆಮೇಲೆ ಅವರಿಗೂ ಗಾಳಿಯಲ್ಲಿ ಕೂರಲಾಗಲಿಲ್ಲವೋ ಏನೋ, ನಾಳೆ ಬರುತ್ತೇವೆ ಎಂದು ಎದ್ದರು. ಮುದುಕರು ಒಬ್ಬೊಬ್ಬರೇ ಇಳಿದರು. ಅಂದಾನೆಪ್ಪನವರು ಮಾತ್ರ ಕೂತಿದ್ದರು. ಒಳಗೆ ಹೋಗೋಣವೆಂದರೆ ಬಾಗಿಲಲ್ಲಿ ನಾನು ಕೂತಿದ್ದೆ, ನನ್ನನ್ನು ಏಳು ಎನ್ನಬೇಕು, ಎನ್ನಲಿಲ್ಲ. ಅವರ ಗಿಡದ ಚೀಲವೂ ಹನಿ ಹನಿಯಾಗಿ ಕುಡಿಯಲು ಶುರುಮಾಡಿತು.

ಹೊತ್ತು ಇಳಿಯುವಾಗ ನಮ್ಮ ಗಿಡದ ಒಂದು ಎಲೆ ತೊಟ್ಟಿನ ಹತ್ತಿರ ಸೆಟೆದುಕೊಂಡಿತು. ಆಮೇಲೆ ಅದರ ಮೇಲಿನದು. ಕಾಶವ್ವ ಚೀಲದ ಕೆಳಗೆ ಕೈ ಹಾಕಿ ಒದ್ದೆಯಾದ ಬೆರಳನ್ನು ಸೀರೆಗೆ ಒರೆಸಿಕೊಂಡು ಎದ್ದಳು. ನಮ್ಮ ಬಾಗಿಲು ಯಾರೂ ಮುಟ್ಟದೆ ಸಣ್ಣಗೆ ಕಿರುಗುಟ್ಟಿ, ಮುಂದೆ ಬಂದು, ಚೌಕಟ್ಟಿಗೆ ಕೂತುಕೊಂಡಿತು. ಕಟ್ಟಿದ ಕಂಬಳಿ ಅದರ ಸಂದಿಗೆ ಸಿಕ್ಕಿ ಅಲ್ಲಾಡುವುದನ್ನು ಬಿಟ್ಟಿತು. ನಾನು ಓಣಿ ದಾಟಿ ಬಂದು ಬಾಗಿಲಿಗೆ ಕಿವಿ ಇಟ್ಟೆ.

"ಅವ್ವಾ, ಒಳಗ ಕತ್ತಲಾತು," ಎಂದಳು ನಿಂಬೆವ್ವ ಒಳಗಿನಿಂದ. ಅವಳು ನಗುತ್ತಿದ್ದಳು. ಕೂಸು ಹಾಲು ಕುಡಿಯುವ ಸದ್ದು ಗಾಳಿಯ ಸದ್ದಿಲ್ಲದೆ ಕೇಳಿಸಿತು.

ಊರೇನೂ ಬದಲಾಗಲಿಲ್ಲ, ಹಾಗೆ ಯಾರೂ ತಿಳಿಯಬೇಕಾಗಿಲ್ಲ. ಎರಡು ದಿನಕ್ಕೆ ಅಂದಾನೆಪ್ಪನವರು, ಬಾಣಂತಿಯ ಮನೆ ಎಂದು ತಾವೇ ಹೆಂಡತಿಯನ್ನು ಕಳಿಸಿದ್ದಾಗಿ ಹೇಳತೊಡಗಿದರು. ಮುದುಕರು ತಲೆದೂಗಿದರು. ಉಳಿದ ಗಂಡಸರು ಇವತ್ತಿಗೂ ಕೊಡ ಬೋರಲು ಹಾಕುತ್ತಾರೆ, ಅವರ ಹೆಂಡಿರು ಇವತ್ತಿಗೂ ಮಧ್ಯಾಹ್ನ ಓಣಿ ದಾಟುತ್ತಾರೆ. ಕಾಶವ್ವ ಮಾತ್ರ ಬೆಳಿಗ್ಗೆಯೇ ಬಂದು ಕೂರುತ್ತಾಳೆ. ಅವಳು ಎದ್ದ ಮೇಲೆ ಯಜಮಾನರೂ ಬಂದು ಒಂದು ಚಂಬು ನೀರನ್ನು ಚೀಲದ ಪಕ್ಕದ ಬಂಡೆಯ ಮೇಲೆ ಹೊಯ್ದು, ಅದು ಹರಿಯುವುದನ್ನು ನೋಡಿ ಹೋಗುತ್ತಾರೆ. ಗಿಡಕ್ಕೆ ಅದರಿಂದ ತೊಂದರೆ ಇಲ್ಲ, ನಾವು ಸುಮ್ಮನಿದ್ದೇವೆ.

ದೀಪಾವಳಿ ಕಳೆದ ಮೇಲೆ ಹೂವು ಕೊಯ್ದೆವು. ಕೊಯ್ದ ದಿನ ಮೊದಲ ಗೊಂಚಲನ್ನು ಎದುರುಮನೆಗೆ ಒಯ್ದು, ನೀರು ಹಾಕಿದ ಕೈಯಲ್ಲಿಟ್ಟು, ನೀರು ಮುಟ್ಟಿತು ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವ ತನಕ ವರ್ಷದ ನೀರಿನ ಋಣ ತೀರುವುದಿಲ್ಲ ಎನ್ನುತ್ತಾರೆ. ಅಂದಾನೆಪ್ಪನವರು ಅವತ್ತು ಹೊಸ ಶಲ್ಯ ಹೊದ್ದಿದ್ದರು. ಕಟ್ಟೆ ತುಂಬ ಜನ. ನಾನು ಗೊಂಚಲು ಹಿಡಿದು ಬರುವುದನ್ನು ಕಂಡು ಅವರು ಅಂಗೈಯನ್ನು ತೊಡೆಯ ಮೇಲೆ ಅರ್ಧ ತೆರೆದಿಟ್ಟುಕೊಂಡರು. ನಾನು ಆ ಅಂಗೈಯನ್ನು ದಾಟಿಕೊಂಡು ಒಳಗೆ ಹೋದೆ. ಕಾಶವ್ವ ಹಿಟ್ಟು ನಾದುತ್ತಿದ್ದಳು. ಅವಳ ಹಿಟ್ಟಿನ ಕೈಗೇ ಗೊಂಚಲು ಕೊಟ್ಟು, ನೀರು ಮುಟ್ಟಿತು ತಂಗಿ ಎಂದೆ. ನಿನ್ನದೂ ಮುಟ್ಟಿತು ಎಂದು ಅವಳು ತನ್ನ ಗಿಡದ ಗೊಂಚಲನ್ನು ನನ್ನ ಸೆರಗಿಗೆ ಹಾಕಿದಳು. ಇಬ್ಬರದೂ ಅಷ್ಟಕ್ಕೆ ತೀರಿತು.

ಸಂಜೆ ಗಂಡ ಮುಖ ಸಣ್ಣದು ಮಾಡಿಕೊಂಡು ಬಂದ. ಯಜಮಾನರು ಬಹಳ ನೊಂದುಕೊಂಡಿದ್ದಾರಂತೆ. ಕೂಸು ಹುಟ್ಟಿದ ದಿನಗಳಲ್ಲಿ ದಿನಾ ಒಂದು ಕೊಡ ಹಾಕಿದವರು ತಾವಂತೆ, ಆ ಮಾತು ತಮಗೆ ಇನ್ನೂ ಬಾಕಿ ಇದೆಯಂತೆ, ಹೋಗಿ ಒಂದು ಮಾತು ಹೇಳಿ ಬಂದರೆ ನಿನ್ನ ಗಂಟೇನು ಹೋಗುತ್ತದೆ ಎಂದ. ನಾನು ಆಗ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದೆ. ತೊಡೆ ದುಂಡಗಾಗಿ, ಮಡಿಕೆ ಬಿದ್ದು, ಕೈಯಿಂದ ಜಾರುತ್ತಿತ್ತು.

"ಅವರ ನೀರು ಓಣಿಗಿ ಮುಟ್ಟೇತಿ," ಎಂದೆ. "ಹೇಳಿದ್ರ ಓಣಿನ ಹೇಳಬೇಕು."